ಒಂದು ಪಟ್ಟಿಯಷ್ಟು ಸಂದು

ನವೆಂಬರ್ ೯, ಭಾನುವಾರ

ಪ್ರೀತಿಯ ಇರುವೆಗೆ,

ನಿನ್ನ ಮಾವನ ಆಶೀರ್ವಾದ. ನಾನು ಗಟ್ಟಿಮುಟ್ಟಾಗಿದ್ದೇನೆ. ಕಳೆದ ವರ್ಷಕ್ಕಿಂತ ಎರಡು ಹಲ್ಲು ಕಡಿಮೆ, ಮಾತು ಮಾತ್ರ ಅಷ್ಟೇ ಇದೆ. ನಿನ್ನ ಅಮ್ಮನೂ ಕ್ಷೇಮ; ಬೆಳಿಗ್ಗೆ ಎದ್ದ ಕೂಡಲೇ ಹಿತ್ತಲ ಕೋಣೆಯ ತನಕ ಕೇಳುವ ಹಾಗೆ ನನ್ನನ್ನು ಬೈಯುವಷ್ಟು ಕ್ಷೇಮ. ಕಾಗದ ಬರೆಯಲು ತಡವಾಯಿತು, ಹೊಟ್ಟೆಗೆ ಹಾಕಿಕೋ. ಎಷ್ಟು ತಡ ಎಂದರೆ ಒಂದು ವರ್ಷ ನಾಲ್ಕು ತಿಂಗಳು. ಇಪ್ಪತ್ತೊಂಬತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು ನಾನು. ಬಸ್ಸು ಐದು ನಿಮಿಷ ತಡವಾದರೆ ಹತ್ತು ಕಾರಣ ಕೊಡಬಲ್ಲೆ. ಇದಕ್ಕೆ ಒಂದೂ ಸಿಗುತ್ತಿಲ್ಲ. ಏಳು ಸಲ ಶುರು ಮಾಡಿ ಏಳು ಸಲ ಹರಿದೆ. ಟಿಕೆಟ್ ಹರಿದು ಅಭ್ಯಾಸವಾದ ಕೈ ನೋಡು.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಇಲ್ಲದಿದ್ದರೆ ನೀನು ಎರಡನೇ ಹಾಳೆಗೆ ಬರುವುದಿಲ್ಲ. ನಿನ್ನ ಹಡಗು ಬದುಕಿದೆ.

ಹೌದು, ಅದೇ ಹಡಗು. ಹಾಯಿ ಕಟ್ಟುವ ಮೂರು ಕೂವೆಮರಗಳ, ಹನ್ನೊಂದು ಹಾಯಿಗಳ, ಎರಡೂವರೆ ಮೊಳ ಉದ್ದದ ಮರದ ಹಡಗು. ನೀನು ನಾಲ್ಕು ವರ್ಷ ಕಣ್ಣು ಕೀಲಿಸಿ ಕಟ್ಟಿದ್ದು, ನಾನು ನಾಲ್ಕು ನಿಮಿಷದಲ್ಲಿ ಕೆಡಿಸಿದ್ದು. ‘ಇದನ್ನ ಒಲೆಗೆ ಹಾಕಮ್ಮ’ ಎಂದು ಹೇಳಿ ನೀನು ಊರು ಬಿಟ್ಟೆಯಲ್ಲ, ಅದು. ಈಗ ಅದಕ್ಕೆ ಒಂದೇ ಒಂದು ಮರದ ಪಟ್ಟಿ ಬಾಕಿ. ಕಿರುಬೆರಳಿನ ಅರ್ಧ ಅಗಲ, ಒಂದು ಗೇಣು ಉದ್ದ. ಅದನ್ನು ಕೂರಿಸಲು ನೀನೇ ಬರಬೇಕು. ನಾನು ಬರೆಯುತ್ತಿರುವುದು ಅದಕ್ಕೇ. ಈಗ ಬೇಕಾದರೆ ಮಡಚಿಡು. ಮಡಚದಿದ್ದರೆ ಮುಂದೆ ಓದು, ಯಾಕೆಂದರೆ ಮುಂದಿನದು ನಾನು ನೋಡಿದ ದೊಡ್ಡ ದೊಡ್ಡ ಸಂಗತಿಗಳು.

ಆ ದಿನದ ವಿಷಯ ಒಂದು ಸಲ ಬರೆದು ಮುಗಿಸುತ್ತೇನೆ. ಮನೆ ತುಂಬ ನೆಂಟರಿದ್ದರು. ನೀನು ಮೊಸರು ತರಲು ಅಂಗಡಿಗೆ ಹೋಗಿದ್ದೆ. ನಾನು ಮೇಜಿನ ಮೇಲಿದ್ದ ಹಡಗನ್ನು ಎತ್ತಿಕೊಂಡು, ‘ಬನ್ನಿ ಬನ್ನಿ, ನಮ್ಮ ಇರುವೆ ಕಟ್ಟಿದ ಹಡಗು ತೇಲೋದು ನೋಡಿ’ ಎಂದು ಎಲ್ಲರನ್ನೂ ಹಿತ್ತಲಿಗೆ ಕರೆದುಕೊಂಡು ಹೋಗಿ ಬಟ್ಟೆ ಒಗೆಯುವ ತೊಟ್ಟಿಗೆ ಬಿಟ್ಟೆ. ಹಡಗು ಅಂದ ಮೇಲೆ ತೇಲಬೇಕು ಅಂತ ತಿಳಿದಿದ್ದೆ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ಓದಿದವನು. ನೋಡಲಿಕ್ಕೆ ಮಾತ್ರ ಕಟ್ಟುವ ಹಡಗು ಬೇರೆ ಜಾತಿ ಅಂತ ನನಗೆ ಗೊತ್ತಿರಲಿಲ್ಲ. ನಾಲ್ಕು ಉಸಿರು ನೆಟ್ಟಗೆ ನಿಂತಿತು. ಆಮೇಲೆ ಎಡಕ್ಕೆ ಮಲಗಿತು. ಕೂವೆಮರಗಳು ತೊಟ್ಟಿಯ ಅಂಚಿಗೆ ಬಡಿದವು. ಗಾಬರಿಯಲ್ಲಿ ನಾನು ಅದನ್ನು ಎತ್ತುವ ಬದಲು ನೆಟ್ಟಗೆ ನಿಲ್ಲಿಸಲು ಹೋದೆ, ಇನ್ನಷ್ಟು ನೀರು ಕುಡಿಯಿತು. ಅಂಟು ಕರಗಿ ಪಟ್ಟಿಗಳು ಒಂದೊಂದಾಗಿ ಟಪ್ ಟಪ್ ಎಂದು ಎದ್ದು ಬಂದವು. ನೀನು ಬಂದೆ. ಮೊಸರಿನ ಪಾತ್ರೆ ಕೆಳಗಿಟ್ಟೆ. ‘ಮಾವ, ಸ್ವಲ್ಪ ಜರುಗಿ’ ಎಂದೆ. ಅಷ್ಟೇ. ಎರಡೂ ಕೈಯಲ್ಲಿ ಎತ್ತಿ ಟವಲ್ಲಿನಲ್ಲಿ ಸುತ್ತಿ ಒಳಗೆ ಹೋದೆ. ಎರಡು ವಾರಕ್ಕೆ ನಕಾಶೆ ಕಚೇರಿಯ ಕೆಲಸ ಸಿಕ್ಕಿತೆಂದು ಹೊರಟೂ ಹೋದೆ.

ನೀನು ಹೋದ ಹತ್ತನೇ ದಿನ ನಾನು ಅಟ್ಟ ಹತ್ತಿ, ಅಕ್ಕ ಒಲೆಗೆ ಹಾಕದೆ ಹಡಗನ್ನು ಇಟ್ಟಿದ್ದ ಪೆಟ್ಟಿಗೆ ಕದ್ದೆ. ಅಕ್ಕನಿಗೆ ಗೊತ್ತಾಗದ ಹಾಗೆ ಅಂದುಕೊಂಡೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಕಥೆ. ಮೆಟ್ಟಿಲಿಳಿಯುವಾಗ ಅಡುಗೆಮನೆಯಿಂದ, ‘ಆ ಪೆಟ್ಟಿಗೆಯ ತಳ ಸವೆದಿದೆ, ಕೆಳಗೊಂದು ಕೈ ಕೊಟ್ಟು ಹಿಡಿ’ ಎಂದು ದನಿ ಬಂತು.

ನೀನು ಭಾನುವಾರ ಭಾನುವಾರ ಹಡಗು ಕಟ್ಟಲು ಹೋಗುತ್ತಿದ್ದ ಆ ಸೈಕಲ್ ಅಂಗಡಿಯ ಮಹಡಿಗೇ ಹೋದೆ. ನಿನಗೆ ಗೊತ್ತಿರುವ ಜಾಗವೇ, ಆದರೂ ನನ್ನ ಕಣ್ಣಿನಿಂದ ಒಮ್ಮೆ ನೋಡು. ಕಬ್ಬಿಣದ ಮೆಟ್ಟಿಲು ಹತ್ತುವಾಗ ಯೋಚಿಸಿದ್ದೆ: ನಾಲ್ಕು ಜನ ಕೆಲಸವಿಲ್ಲದವರು ಕೂತು ಹರಟುತ್ತಿರುತ್ತಾರೆ, ನಾನು ಹೋಗಿ ಎರಡು ಮಾತಾಡಿದರೆ ಎಲ್ಲರೂ ನನ್ನ ಕೈಗೆ ಬರುತ್ತಾರೆ. ಬಾಗಿಲು ತಳ್ಳಿದರೆ ಹನ್ನೆರಡು ಜನ, ಸದ್ದೇ ಇಲ್ಲ. ಸ್ಯಾಂಡ್ ಪೇಪರಿನ ಸರಸರ ಬಿಟ್ಟರೆ ಏನೂ ಇಲ್ಲ. ಕಿಟಕಿಯ ಬಿಸಿಲಿನಲ್ಲಿ ಮರದ ಹುಡಿ ಹೊಗೆಯ ಹಾಗೆ ನಿಂತಿತ್ತು. ಬಾಗಿಲ ಪಕ್ಕದಲ್ಲೇ ಆ ವೆಲ್ಡರ್ ಕೂತಿದ್ದ. ಅವನ ಕೈ ನಿನಗೆ ಗೊತ್ತಲ್ಲ, ಒಂದೊಂದು ಬೆರಳು ನನ್ನ ಎರಡು ಬೆರಳಿನಷ್ಟು. ಆ ಕೈಯಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಒಂದು ಮರದ ರಾಟೆ. ಅದಕ್ಕೊಂದು ತೂತು. ಆ ತೂತಿನೊಳಗೆ ಅವನು ದಾರ ಪೋಣಿಸುತ್ತಿದ್ದ. ಉಸಿರು ಬಿಡುತ್ತಿರಲಿಲ್ಲ. ನೋಡುತ್ತ ನೋಡುತ್ತ ನಾನೂ ಉಸಿರು ಬಿಡುವುದನ್ನು ಮರೆತೆ. ದಾರ ಆ ಕಡೆ ಹೊರಬಂದಾಗ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟೆವು. ಆಗ ಅವನು ತಲೆಯೆತ್ತಿ, ‘ಯಾರು ಬೇಕಿತ್ತು?’ ಎಂದ.

‘ನಾನು ಇರುವೆಯ ಮಾವ’ ಎಂದೆ. ಮನೆಯಲ್ಲಿ ನಾನಿಟ್ಟ ಹೆಸರನ್ನೇ ನೀನು ಅಲ್ಲೂ ಇಟ್ಟುಕೊಂಡಿದ್ದೆ ಅಂತ ಆಗ ತಿಳಿಯಿತು, ಯಾಕೆಂದರೆ ಸ್ಯಾಂಡ್ ಪೇಪರಿನ ಸದ್ದೆಲ್ಲ ಒಮ್ಮೆಲೇ ನಿಂತಿತು.

ಮೂಲೆಯಿಂದ ಆ ಮುದಿ ದರ್ಜಿ ಕನ್ನಡಕದ ಮೇಲಿಂದ ನೋಡಿ ಕೇಳಿದ: ‘ನೀರಿಗೆ ಬಿಟ್ಟ ಮಾವನಾ?’

‘ಹೌದು.’

‘ಬೇರೆ ಮಾವ ಯಾರಾದ್ರೂ ಇದ್ದಾರಾ ಅಂತ ಕೇಳಿದೆ ಅಷ್ಟೆ.’

ಆವತ್ತಿನಿಂದ ನಾನು ಅಲ್ಲಿ ‘ನೀರು ಮಾವ’. ಹತ್ತೂರು ತಿರುಗಿ ಸಂಪಾದಿಸಿದ ನನ್ನ ಹೆಸರು ಕಬ್ಬಿಣದ ಮೆಟ್ಟಿಲ ಕೆಳಗೇ ಉಳಿಯಿತು.

ಹಲ್ಲಿನ ಡಾಕ್ಟರಮ್ಮ ಪೆಟ್ಟಿಗೆ ಬಿಚ್ಚಿದರು. ಒಬ್ಬರೂ ಅಯ್ಯೋ ಅನ್ನಲಿಲ್ಲ. ಒಬ್ಬರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು; ಬೈಗುಳಕ್ಕೆ ಉತ್ತರ ಕೊಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಅವರು ಹಲ್ಲು ನೋಡುವ ಪುಟ್ಟ ಕನ್ನಡಿ ತೆಗೆದು, ಪಟ್ಟಿ ಎದ್ದ ಸಂದಿನಿಂದ ಒಳಗೆ ತೂರಿಸಿ, ಟಾರ್ಚ್ ಬಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಿಯನ್ನು ನನ್ನ ಕೈಗೆ ಕೊಟ್ಟರು.

ಇರುವೆ, ನಾನು ಅದರಲ್ಲಿ ಕಂಡದ್ದನ್ನು ಹೇಗೆ ಬರೆಯಲಿ. ಮೊದಲು ಒಂದು ಮೆಟ್ಟಿಲು ಕಂಡಿತು. ಎಣಿಸಿದೆ, ಹನ್ನೊಂದು ಮೆಟ್ಟಿಲು, ಪ್ರತಿಯೊಂದರ ಅಂಚೂ ನಡೆದು ನಡೆದು ಸವೆದ ಹಾಗೆ ಉಜ್ಜಿದ್ದೆ. ಕೆಳಗೆ ಎರಡು ಸಾಲು ಮಲಗುವ ಹಲಗೆಗಳು. ಒಂದರ ಮೇಲೆ ಮಡಚಿದ ಹೊದಿಕೆ. ಕಾಳುಮೆಣಸಿನಷ್ಟು ಒಂದು ಒಲೆ. ಗೋಡೆಗೆ ಮೊಳೆ, ಮೊಳೆಗೆ ಒಂದು ಟೋಪಿ. ಮೂಲೆಯಲ್ಲಿ ಒರಗಿಸಿಟ್ಟ ಒಂದು ಪೊರಕೆ. ಮೇಲಿನ ಹಲಗೆ ಮುಚ್ಚಿದ ಮೇಲೆ ಇದು ದೇವರಿಗೂ ಕಾಣುವುದಿಲ್ಲ.

‘ಇದನ್ನೆಲ್ಲ ಯಾರಿಗೆ ತೋರಿಸೋಕೆ ಮಾಡಿದಳು?’ ಎಂದು ಕೇಳಿದೆ.

‘ಯಾರಿಗೂ ಅಲ್ಲ’ ಎಂದರು ಡಾಕ್ಟರಮ್ಮ.

‘ಮತ್ತೆ ಯಾಕೆ?’

‘ಹಡಗಲ್ಲಿ ಇರೋರಿಗೆ ಬೇಕಲ್ವಾ?’

ನಾನು ಜೀವನದಲ್ಲಿ ಮಾಡಿದ ಒಂದೊಂದು ಕೆಲಸಕ್ಕೂ ನಾಲ್ಕು ಜನ ನೋಡುವವರು ಬೇಕಿತ್ತು. ನೀನು ಮಾಡಿದ ಪೊರಕೆಯನ್ನು ಲೋಕದಲ್ಲಿ ಮೊದಲು ನೋಡಿದವರು ಇಬ್ಬರೇ, ಅದೂ ನಾನು ಹಡಗನ್ನು ಮುರಿದಿದ್ದಕ್ಕೆ. ಆ ಹೊತ್ತಿನಲ್ಲಿ ಬೆಟ್ಟದ ತುದಿಗೆ ಹತ್ತಿಸಿ ಬಿಟ್ಟ ಹಾಗಾಯಿತು ನನಗೆ. ಕಣ್ಣು ಸಾಲದಷ್ಟು ದೊಡ್ಡದೇನೋ ಎದುರಿಗಿದೆ.

‘ಇದು ಉಳಿಯುತ್ತಾ?’ ಎಂದೆ.

‘ತಳದ ಬೆನ್ನುಮರ ಗಟ್ಟಿಯಾಗಿದೆ, ಪಕ್ಕೆಲುಬು ಗಟ್ಟಿಯಾಗಿದೆ. ಎಡಗಡೆ ಪಟ್ಟಿಗಳು ಹೋಗಿವೆ. ಉಳಿಸಬಹುದು. ಆದ್ರೆ ನಮ್ಮಲ್ಲಿ ಒಂದು ಕಟ್ಟಳೆ ಇದೆ. ಒಬ್ಬರ ಹಡಗನ್ನ ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರು ಮುಟ್ಟಲ್ಲ. ಒಪ್ಪಿದ್ದಾಳಾ ಅವಳು?’

ನಾನು ಒಂದು ಕ್ಷಣವೂ ತಡಮಾಡದೆ ಹೇಳಿದೆ: ‘ಅವಳೇ ಕಳಿಸಿದ್ದು. ವಾರಕ್ಕೊಂದು ಕಾಗದ ಬರೀತಾಳೆ. ಮಾವ, ನೀವೇ ಮುಂದೆ ನಿಂತು ಮಾಡಿಸಿ ಅಂತ.’

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರೆ. ಈ ಮಾತು ಹೇಳಿದ ತಪ್ಪಿಗೆ ಪ್ರತಿ ಭಾನುವಾರ ನಿನ್ನ ಒಂದು ಸುಳ್ಳು ಕಾಗದ ಹುಟ್ಟಿಸಬೇಕಾಯಿತು. ಕಚೇರಿಯಲ್ಲಿ ನಿನಗೆ ಬಡ್ತಿ ಸಿಕ್ಕಿದೆ, ಗೊತ್ತಿರಲಿ. ನಿನ್ನ ಕೋಣೆಗೆ ಎರಡು ಕಿಟಕಿ ಇದೆ. ಒಮ್ಮೆ ನಿನಗೆ ನೆಗಡಿಯಾಗಿ, ಮಹಡಿಯವರೆಲ್ಲ ಮರುವಾರ ವಿಚಾರಿಸಿದ ಮೇಲೆ ವಾಸಿಯಾಯಿತು.

ಇಲ್ಲಿಗೆ ನಿಲ್ಲಿಸಿ ಊಟಕ್ಕೆ ಎದ್ದಿದ್ದೆ. ಅಕ್ಕ ಕೇಳಿದಳು: ‘ಬೆಳಿಗ್ಗೆಯಿಂದ ಅದೇನು ಗೀಚ್ತಿದ್ದೀಯ? ಪುರಾಣಾನಾ?’

‘ಕಾಗದ.’

‘ಯಾರಿಗೆ?’

ನಾನು ಅನ್ನ ಕಲೆಸಿದೆ. ತಿರುಗಿ ಕೋಣೆಗೆ ಬಂದು ನೋಡುತ್ತೇನೆ, ಮೇಜಿನ ಮೇಲೆ ಹೊಸ ಹಾಳೆಯ ಕಟ್ಟು, ಅದರ ಮೇಲೆ ಅವಳ ಒಳ್ಳೆ ಪೆನ್ನು. ಆದ್ದರಿಂದ ಮುಂದುವರಿಸುತ್ತೇನೆ.

ಡಾಕ್ಟರಮ್ಮ ನಿನ್ನ ಹಡಗನ್ನು ಹಳೆ ಪತ್ರಿಕೆಗಳಲ್ಲಿ ಸುತ್ತಿ ಬೀರುವಿನಲ್ಲಿಟ್ಟರು. ನೀರು ಕುಡಿದ ಮರ ಹೊರಗೆ ಒಣಗಿದಂತೆ ಕಂಡರೂ ಒಳಗೆ ಒಣಗಿರುವುದಿಲ್ಲವಂತೆ. ಮೂರು ತಿಂಗಳು ಕಾಯಬೇಕು. ‘ಅಲ್ಲಿ ತನಕ ನೀವೊಂದು ಚಿಕ್ಕ ದೋಣಿ ಕಟ್ಟಿ’ ಎಂದರು. ನಾನು ನಕ್ಕೆ. ‘ಅಮ್ಮಾ, ಅರವತ್ತು ಸೀಟಿನ ಬಸ್ಸಿಗೆ ನೂರಿಪ್ಪತ್ತು ಜನ ತುಂಬಿಸಿದವನು. ಒಂದು ದೋಣಿ ಏನು ಮಹಾ.’ ವೆಲ್ಡರ್ ಮೆಲ್ಲಗೆ, ‘ಅದಕ್ಕೇ ಹೇಳ್ತಿರೋದು, ಹಡಗಲ್ಲ, ದೋಣಿ’ ಎಂದ.

ಗೇಣುದ್ದದ ದೋಣಿ. ಬೆನ್ನು ಇಟ್ಟು ಪಕ್ಕೆಲುಬು ನಿಲ್ಲಿಸುವ ತನಕ ಅವರ ಎದುರಿಗೇ ಮಾಡಿದೆ. ಆಮೇಲೆ ಮನೆಗೆ ತಂದೆ. ಮುಂದಿನ ಭಾನುವಾರ ಎಲ್ಲರ ಬಾಯಿ ಮುಚ್ಚಿಸಬೇಕು ಅಂತ ಹಟ. ಎರಡೂ ಕಡೆ ಮುಗಿಯುವುದಿಲ್ಲ ಅಂತ ಗೊತ್ತಾದಾಗ ಒಂದು ಉಪಾಯ ಹೊಳೆಯಿತು: ನೋಡುವವರಿಗೆ ಕಾಣುವುದು ಒಂದೇ ಕಡೆ ತಾನೆ? ಬಲಗಡೆ ಪೂರ್ತಿ ಮುಗಿಸಿಬಿಡೋಣ. ಮೇಲಿನಿಂದ ಕೆಳಗೆ ಹದಿನಾರು ಪಟ್ಟಿ ಅಂಟಿಸಿ, ಉಜ್ಜಿ, ಎಣ್ಣೆ ಹಚ್ಚಿ, ಪಳಪಳ ಮಾಡಿ ತೆಗೆದುಕೊಂಡು ಹೋಗಿ ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತೆ.

ದರ್ಜಿ ಬಂದ, ಬಗ್ಗಿದ, ಮೂತಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದ. ‘ಇದು ಎಲ್ಲಿಗೆ ಹೋಗ್ತಿದೆ?’ ಎಂದ.

‘ಯಾಕೆ?’

‘ಮುಂಭಾಗ ಬಲಗಡೆ ಹೋಗ್ತಿದೆ, ಹಿಂಭಾಗಾನೂ ಅಲ್ಲಿಗೇ ಬರ್ತೀನಿ ಅಂತಿದೆ.’

ನಾನೂ ಬಗ್ಗಿ ನೋಡಿದೆ. ದೋಣಿ ಬಾಳೆಹಣ್ಣಿನ ಹಾಗೆ ಬಾಗಿತ್ತು. ಅಂಟು ಒಣಗುತ್ತಾ ಒಣಗುತ್ತಾ ಪಟ್ಟಿಗಳೆಲ್ಲ ಒಂದೇ ಕಡೆ ಜಗ್ಗಿ ಬೆನ್ನನ್ನೇ ತಿರುಚಿಬಿಟ್ಟಿದ್ದವು. ಎಡಕ್ಕೊಂದು ಬಲಕ್ಕೊಂದು, ಎಡಕ್ಕೊಂದು ಬಲಕ್ಕೊಂದು, ಹಾಗೆ ಹಾಕಿದರೆ ಮಾತ್ರ ಬೆನ್ನು ನೇರ ನಿಲ್ಲುತ್ತದಂತೆ. ಬಸ್ಸಿನಲ್ಲಿ ಎಲ್ಲರೂ ಒಂದೇ ಕಡೆ ಜೋತುಬಿದ್ದರೆ ಏನಾಗುತ್ತದೆ ಅಂತ ಲೋಕಕ್ಕೆಲ್ಲ ಬುದ್ಧಿ ಹೇಳಿದವನು ನಾನು.

ನಗುತ್ತಾರೆ ಅಂತ ಕಾದೆ. ನಕ್ಕರು, ಆದರೆ ನಾನು ಕಾದ ನಗು ಅಲ್ಲ. ವೆಲ್ಡರ್ ನನ್ನ ಹೆಗಲು ಹಿಡಿದು ಮೆಟ್ಟಿಲ ಪಕ್ಕದ ಕಪಾಟಿನ ಹತ್ತಿರ ಕರೆದುಕೊಂಡು ಹೋದ. ನಿಮ್ಮ ‘ಸೊಟ್ಟ ಕಪಾಟು’. ನಾನು ಅಲ್ಲಿಯತನಕ ಅದನ್ನು ಕಸದ ಕಪಾಟು ಅಂದುಕೊಂಡಿದ್ದೆ. ಪ್ರತಿಯೊಬ್ಬರೂ ಕೆಡಿಸಿದ್ದು ಅಲ್ಲಿದೆ, ಪಕ್ಕದಲ್ಲಿ ಅವರದೇ ಕೈಬರಹದ ಚೀಟಿ. ವೆಲ್ಡರನದು: ‘ಸಿಟ್ಟಿನಲ್ಲಿ ಒತ್ತಿದೆ. ಮುರಿಯಿತು.’ ದರ್ಜಿಯದು: ‘ಅಳತೆ ನನಗೆ ಗೊತ್ತು ಅಂದುಕೊಂಡೆ.’ ಡಾಕ್ಟರಮ್ಮನದು ಮೂರು ಇವೆ. ಮತ್ತೆ ಕೆಳಗಿನ ಹಲಗೆಯಲ್ಲಿ ಒಂದು ಪುಟ್ಟ ದೋಣಿ, ನನ್ನದಕ್ಕಿಂತ ಹೆಚ್ಚು ಸೊಟ್ಟ, ಚೀಟಿಯಲ್ಲಿ ನಿನ್ನ ದುಂಡು ಅಕ್ಷರ: ‘ಅವಸರ ಮಾಡಿದೆ. ನಾಳೆ ಮತ್ತೆ ಶುರು.’

ನಾನೂ ಒಂದು ಚೀಟಿ ಬರೆದೆ. ಓದಿದ ದರ್ಜಿ, ‘ಇದು ಚೀಟಿನಾ, ಚುನಾವಣೆ ಕರಪತ್ರಾನಾ?’ ಎಂದ. ಹರಿದು ಮತ್ತೆ ಬರೆದೆ: ‘ಕಾಣುವ ಕಡೆ ಮಾತ್ರ ಕಟ್ಟಿದೆ.’ ನನ್ನ ಜನ್ಮದಲ್ಲಿ ಅಷ್ಟು ಚಿಕ್ಕದಾಗಿ ಏನೂ ಹೇಳಿರಲಿಲ್ಲ.

ಮೂರು ತಿಂಗಳು ಕಳೆದು ನಿನ್ನ ಹಡಗು ಬೀರುವಿನಿಂದ ಹೊರಬಂತು. ಅಲ್ಲಿಂದ ಇಲ್ಲಿಯವರೆಗೆ ಯಾರೂ ತಮ್ಮ ಹಡಗಿಗೆ ಪೂರ್ತಿ ಭಾನುವಾರ ಕೊಟ್ಟಿಲ್ಲ. ಅರ್ಧ ದಿನ ತಮ್ಮದಕ್ಕೆ, ಅರ್ಧ ದಿನ ನಿನ್ನದಕ್ಕೆ. ಎಡಗಡೆಯ ಮೂವತ್ತೊಂದು ಪಟ್ಟಿಗಳನ್ನು ಡಾಕ್ಟರಮ್ಮ ಹಲ್ಲು ಕೀಳುವಷ್ಟು ನಾಜೂಕಾಗಿ ಒಂದೊಂದೇ ಬಿಡಿಸಿದರು. ದರ್ಜಿ ಹಗ್ಗಗಳ ಕೆಲಸಕ್ಕೆ ಕೂತ. ತುಂಡಾದ ಹಗ್ಗಗಳನ್ನು ಮಾತ್ರ ತೆಗೆದು, ಹೊಸ ದಾರವನ್ನು ಮೇಣದ ಮೇಲೆ ಎಳೆದೆಳೆದು ಕಟ್ಟಿದ. ‘ಎಲ್ಲಾ ಬಿಚ್ಚಿ ಹೊಸದು ಹಾಕಿದರೆ ಬೇಗ ಆಗಲ್ವಾ?’ ಎಂದೆ. ಅವನು ಕಣ್ಣೆತ್ತದೆ ಹೇಳಿದ: ‘ಅವಳ ಗಂಟು ಅವಳದೇ ಇರಲಿ. ಮೂರು ಸುತ್ತು ಹಾಕಿ ಒಳಗಿಂದ ತರ್ತಾಳೆ. ನಾನು ಐವತ್ತು ವರ್ಷ ಸೂಜಿ ಹಿಡಿದಿದ್ದೀನಿ, ನನಗೆ ಬರಲ್ಲ ಅದು.’ ಕೇಳಿದೆಯಾ. ದರ್ಜಿಗೇ ಬರುವುದಿಲ್ಲವಂತೆ. ಈ ಮಾತನ್ನು ನಾನು ಮೀನಿನ ಅಂಗಡಿಯವನ ತನಕ ಎಲ್ಲರಿಗೂ ಹೇಳಿದ್ದೇನೆ.

ನನಗೆ ಕೊಟ್ಟ ಕೆಲಸ ಪಟ್ಟಿ ಬಗ್ಗಿಸುವುದು. ವೆಲ್ಡರ್ ಕಲಿಸಿದ. ಪಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸಬೇಕು. ಆಮೇಲೆ ಕಾದ ಕೊಳವೆಯ ಮೇಲಿಟ್ಟು ಎರಡು ಹೆಬ್ಬೆರಳಿನಿಂದ ಒತ್ತಬೇಕು. ಮೊದಲ ಒಂಬತ್ತು ಪಟ್ಟಿ ಕಟಕಟ ಮುರಿದೆ. ‘ಮರದ ಜೊತೆ ಜಬರ್ದಸ್ತಿ ಬೇಡ ಮಾವ. ನೀವು ಮಾತಾಡ್ತಾ ಮಾತಾಡ್ತಾ ಒತ್ತುತ್ತೀರಿ. ಬಾಯಿ ಮುಚ್ಚಿ. ಬೆರಳಿಗೆ ಕೇಳುತ್ತೆ’ ಎಂದ. ಬಾಯಿ ಮುಚ್ಚಿದೆ. ಹತ್ತನೆಯದರಲ್ಲಿ ಆಯಿತು ಅದು. ಗಟ್ಟಿ ಮರ, ಒಣ ಮರ, ನನ್ನ ಹೆಬ್ಬೆರಳ ಕೆಳಗೆ ಒಂದು ಗಳಿಗೆಯಲ್ಲಿ ಮೆತ್ತಗಾಗಿ, ನಿದ್ದೆಯಲ್ಲಿ ಮಗು ಮಗ್ಗುಲು ಬದಲಿಸಿದ ಹಾಗೆ ಬಾಗಿತು. ಅದನ್ನು ಹಡಗಿನ ಪಕ್ಕೆಗೆ ಹಿಡಿದರೆ ಅಲ್ಲೇ ಹುಟ್ಟಿತೇನೋ ಎನ್ನುವಂತೆ ಕೂತಿತು. ನಾನು ಒಂದು ಮಾತೂ ಆಡಲಿಲ್ಲ. ಹನ್ನೆರಡು ಜನ ಸಾಕ್ಷಿ ಇದ್ದಾರೆ, ಬೇಕಾದರೆ ಕೇಳು.

ಹೀಗೆ ಮೂವತ್ತು ಪಟ್ಟಿ ಆಯಿತು. ಮೂವತ್ತೊಂದನೆಯದು ಹೋದ ಭಾನುವಾರ. ಸಂದಿಗೆ ಸರಿಯಾಗಿ ಕತ್ತರಿಸಿ, ಬಗ್ಗಿಸಿ, ಉಜ್ಜಿ, ಅಂಟಿನ ಡಬ್ಬಿ ತೆಗೆದೆ. ಡಾಕ್ಟರಮ್ಮ ಬಂದು ಸಂದಿನ ಮೇಲೆ ಅಂಗೈ ಇಟ್ಟರು.

‘ಕೊನೆ ಪಟ್ಟಿ ಯಾರು ಹಾಕ್ತಾರೆ ಗೊತ್ತಾ ನಿಮಗೆ?’

‘ಅಂಟಿನ ಡಬ್ಬಿ ಯಾರ ಕೈಯಲ್ಲಿ ಇರುತ್ತೋ ಅವರು.’

‘ಅಲ್ಲ. ಮೊದಲು ಬೆನ್ನು ಇಟ್ಟವರು. ಯಾರು ಎಷ್ಟು ಸಹಾಯ ಮಾಡಿದ್ರೂ ಸರಿ, ಒಡಲು ಮುಚ್ಚೋದು ಅವರೇ. ಅವಳನ್ನ ಬರೋಕೆ ಹೇಳಿ.’

‘ಅವಳಿಗೆ ಕೆಲಸ ಜಾಸ್ತಿ’ ಎಂದೆ. ‘ನೀವೇ ಮುಚ್ಚಿಬಿಡಿ ಅಂತ ಮೊನ್ನೆ ತಾನೇ ಬರೆದಿದ್ದಾಳೆ.’

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ‘ನೀರು ಮಾವ, ಅವಳು ನಿಮಗೆ ಒಂದು ಸಾಲೂ ಬರೆದಿಲ್ಲ. ಊರು ಬಿಡೋ ಮುಂಚೆ ನನ್ನ ಹತ್ರ ಬಂದಿದ್ಲು. ಚಿಮಟ, ಚೂರಿ, ಎಲ್ಲಾ ನನ್ನ ಕೈಲಿ ಇಟ್ಟು, ಇನ್ನು ನಾನು ಕಟ್ಟಲ್ಲ ಅಂದ್ಲು.’

ಸೈಕಲ್ ಅಂಗಡಿಯಲ್ಲಿ ಯಾರೋ ಚಕ್ರ ತಿರುಗಿಸುವುದು ಮೇಲಿನ ತನಕ ಕೇಳುತ್ತಿತ್ತು.

‘ಮೊದಲ ದಿನದಿಂದ ಗೊತ್ತಿತ್ತಾ?’

‘ಮೊದಲ ದಿನದಿಂದ.’

‘ಮತ್ತೆ ಯಾಕೆ ಸುಮ್ಮನಿದ್ರಿ?’

‘ಸುಳ್ಳು ಹೇಳ್ಕೊಂಡಾದ್ರೂ ಪ್ರತಿ ವಾರ ಬರ್ತಿದ್ರಲ್ಲ. ಬರೋರನ್ನ ಯಾಕೆ ಬೇಡ ಅನ್ನಲಿ? ಒಪ್ಪಿಗೆ ಇಲ್ಲದೆ ಅವಳ ಹಡಗು ಮುಟ್ಟಿದ್ದು ನನ್ನ ತಪ್ಪೂ ಹೌದು.’ ಹೀಗೆಂದು ಅವರು ಸೊಟ್ಟ ಕಪಾಟಿನ ಕಡೆ ಕೈ ತೋರಿಸಿದರು. ಹೋಗಿ ನೋಡಿದೆ. ಅವರ ಮೂರು ಹಡಗಿನ ಪಕ್ಕದಲ್ಲಿ, ಹಡಗಿಲ್ಲದ ಒಂದು ಖಾಲಿ ಜಾಗ, ಅಲ್ಲಿ ಹಳೆಯ ಒಂದು ಚೀಟಿ: ‘ಕೇಳದೆ ಮುಟ್ಟಿದೆ. ಅವಳು ಬಂದರೆ ಕೇಳಬೇಕು.’ ತಾರೀಖು ಹೋದ ವರ್ಷದ್ದು.

ಇಂಥ ಜನರ ನಡುವೆ ನೀನು ನಾಲ್ಕು ವರ್ಷ ಕೂತಿದ್ದೆ. ಅದಕ್ಕೇ ಆವತ್ತು ತೊಟ್ಟಿಯ ಹತ್ತಿರ ನಿನ್ನ ಬಾಯಿಂದ ಒಂದು ಕೆಟ್ಟ ಮಾತೂ ಬರಲಿಲ್ಲ ಅಂತ ಈಗ ಅರ್ಥವಾಗುತ್ತದೆ.

ಡಿಸೆಂಬರಿನ ಮೊದಲ ಭಾನುವಾರ ಲೈಬ್ರರಿಯ ದೊಡ್ಡ ಹಾಲಿನಲ್ಲಿ ಪ್ರದರ್ಶನ. ನಿನ್ನ ಹಡಗನ್ನು ನಡುಮೇಜಿನ ಮೇಲೆ ಇಡುವುದೆಂದು ಹನ್ನೆರಡು ಜನರೂ ಒಪ್ಪಿದ್ದಾರೆ. ಆದರೆ ನೀನು ಒಪ್ಪಬೇಕು. ನೀನು ಬೇಡ ಎಂದರೆ ಇಡುವುದಿಲ್ಲ. ನಿನ್ನದನ್ನು ನಿನಗೆ ಕಳಿಸುತ್ತಾರೆ, ಅಥವಾ ಬೀರುವಿನಲ್ಲೇ ಕಾಯುತ್ತದೆ. ಒಪ್ಪಿದರೆ, ಅದಕ್ಕೆ ಮೊದಲು ಮೂರು ಭಾನುವಾರಗಳಿವೆ, ಯಾವುದಾದರೂ ಒಂದಕ್ಕೆ ಬಾ. ಬರಲಾಗದಿದ್ದರೆ ಸಂದು ಹಾಗೆಯೇ ಇರುತ್ತದೆ, ಹಾಗೆಯೇ ಮೇಜಿನ ಮೇಲೆ ಕೂರುತ್ತದೆ. ಬೇರೆ ಯಾರೂ ಮುಚ್ಚುವುದಿಲ್ಲ. ನಾನು ಡಬ್ಬಿ ಮುಚ್ಚಿ ಇಟ್ಟಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಕಾಶೆ ಬಿಡಿಸುವಾಗ ಕತ್ತು ಬಗ್ಗಿಸಿ ಕೂರಬೇಡ, ನಿನಗೆ ಮೊದಲಿನಿಂದಲೂ ಆ ಚಾಳಿ. ನಿನ್ನ ಕೈಬೆರಳುಗಳು ಚೆನ್ನಾಗಿರಲಿ, ಕಣ್ಣು ಚೆನ್ನಾಗಿರಲಿ, ನೀನು ಹಿಡಿದ ಕೆಲಸ ನಿನ್ನ ಮಾತು ಕೇಳಲಿ. ಹಿರಿಯನಾಗಿ ಹರಸಲು ನನಗೆ ಇನ್ನೂ ಹಕ್ಕಿದೆ ಅಂತ ತಿಳಿದು ಹರಸುತ್ತಿದ್ದೇನೆ.

ಇತಿ ನಿನ್ನ,
ಮಾವ
(ಮಹಡಿಯಲ್ಲಿ: ನೀರು ಮಾವ)

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು. ಬಿಡಿಸಿ ಬರೆಯುತ್ತಿದ್ದೇನೆ.

ಹಡಗು ತೇಲುವುದಿಲ್ಲ ಅಂತ ನನಗೆ ಗೊತ್ತಿರಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಎಲ್ಲರಿಗೂ ಹಾಗೇ ಹೇಳಿದ್ದೇನೆ, ಡಾಕ್ಟರಮ್ಮನಿಗೂ, ಅಕ್ಕನಿಗೂ. ಆ ದಿನ ಬೆಳಿಗ್ಗೆ ಹಡಗಿನ ಮೇಲೆ ಬಟ್ಟೆ ಹೊದಿಸುತ್ತಾ ನೀನು ಹೇಳಿದ್ದೆ: ‘ಮಾವ, ಇದು ನೀರಿಗೆ ಇಳಿಯೋದಲ್ಲ. ಮಕ್ಕಳು ಹಟ ಮಾಡಿದ್ರೂ ಕೊಡಬೇಡಿ.’ ನಾನು ಹೂಂ ಎಂದಿದ್ದೆ. ಸರಿಯಾಗಿ ಕೇಳಿಸಿಕೊಂಡೇ ಹೂಂ ಎಂದಿದ್ದೆ.

ಮಧ್ಯಾಹ್ನ ನಾನು ನೆಂಟರಿಗೆ ಬ್ರೇಕ್ ಹೋದ ಬಸ್ಸಿನ ಕಥೆ ಹೇಳುತ್ತಿದ್ದೆ. ನನ್ನ ಕಥೆಗಳಲ್ಲಿ ಅದೇ ಒಳ್ಳೆಯದು. ಬಸ್ಸು ಇಳಿಜಾರಿನ ಅರ್ಧಕ್ಕೆ ಬಂದಿತ್ತು. ಆಗ ಅಕ್ಕ ಹಡಗಿನ ಮೇಲಿನ ಬಟ್ಟೆ ತೆಗೆದಳು. ಎಲ್ಲರೂ ಆ ಕಡೆ ತಿರುಗಿದರು, ತಿರುಗಿದವರು ಸುಮ್ಮನಾದರು. ಎಷ್ಟು ಸುಮ್ಮನೆ ಎಂದರೆ, ಗೋಡೆ ಗಡಿಯಾರ ಕೇಳಿಸಿತು. ಬಸ್ಸು ಏನಾಯಿತು ಎಂದು ಯಾರೂ ಕೇಳಲಿಲ್ಲ.

ಜೀವಮಾನವಿಡೀ ಕೂಗಿ ಬದುಕಿದವನು ನಾನು. ನನ್ನ ಎದುರು ಒಂದು ದಿನವೂ ಜನ ಹಾಗೆ ಸುಮ್ಮನಾದದ್ದಿಲ್ಲ. ನೀನು ಕೋಣೆಯಲ್ಲಿ ಇರಲೂ ಇಲ್ಲ, ಆದರೂ ಹದಿನಾಲ್ಕು ಜನರನ್ನು ಸುಮ್ಮನಿರಿಸಿದೆ. ನನಗೆ ಹೊಟ್ಟೆಕಿಚ್ಚಾಯಿತು, ಕೂಸೇ. ಎತ್ತಿ ಆಡಿಸಿದ ಮಗುವಿನ ಮೇಲೆ. ಮುಳುಗಲಿ ಎಂದು ಬಿಟ್ಟದ್ದಲ್ಲ, ಅಷ್ಟು ಕೆಟ್ಟವನಲ್ಲ ನಾನು. ಸ್ವಲ್ಪ ವಾಲಲಿ, ಜನ ನಗಲಿ, ನನ್ನ ಕಡೆ ತಿರುಗಲಿ ಎಂದು ಬಿಟ್ಟೆ. ಇದು ನಿನಗೆ ಆವತ್ತೇ ಗೊತ್ತಿತ್ತು ಅಂತ ಕಾಣುತ್ತದೆ. ಗೊತ್ತಿದ್ದೂ ಯಾರ ಮುಂದೆಯೂ ನನ್ನನ್ನು ಹಿಡಿದುಕೊಡಲಿಲ್ಲ ನೀನು.

ನಾನಿದ್ದೇನೆಂಬ ಕಾರಣಕ್ಕೆ ಬರದಿರುವುದಾದರೆ, ಯಾವ ಭಾನುವಾರ ಎಂದು ಡಾಕ್ಟರಮ್ಮನಿಗೆ ಮಾತ್ರ ತಿಳಿಸು. ಆ ದಿನ ನಾನು ಮಹಡಿ ಹತ್ತುವುದಿಲ್ಲ. ಕೆಳಗೆ ಬೀದಿಯಲ್ಲೂ ನಿಂತಿರುವುದಿಲ್ಲ. ಪಟ್ಟಿ ಕೂತಿತೋ ಇಲ್ಲವೋ ಎಂದು ಯಾರನ್ನೂ ಕೇಳುವುದಿಲ್ಲ.